ಮರೆಯಾದ ದೋಷಗಳ ಮುಂದೆ ಕೂರಿಸುವ ಧ್ಯಾನಕೂಟ

ಬೆಂಗಳೂರಿನ ಹೊರವಲಯದ ಧ್ಯಾನಕೇಂದ್ರವೊಂದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಕನ್ನಡದಲ್ಲಿ ನಡೆಸುವ ವಾರಾಂತ್ಯದ ಮೌನ ಧ್ಯಾನಕೂಟದಲ್ಲಿ ಈ ವರ್ಷ ಭಾಗವಹಿಸಿದೆ. ಕೂಟದ ವಿಷಯ ಆತ್ಮಪರಿಶೋಧನೆ. ಅದರಲ್ಲೂ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೆ ಸಿದ್ಧರಾಗುವಾಗ ನಮ್ಮ ನೆನಪಿಗೇ ಬಾರದ ದೋಷಗಳು, ಅಂದರೆ ಬೈಬಲಿನ 19ನೆಯ ಕೀರ್ತನೆಯಲ್ಲಿ ಭಕ್ತನು ತನಗೇ ಮರೆಯಾಗಿವೆ ಎಂದು ಒಪ್ಪಿಕೊಂಡು, ಅವುಗಳಿಂದ ತನ್ನನ್ನು ಶುದ್ಧಗೊಳಿಸೆಂದು ದೇವರಲ್ಲಿ ಬೇಡಿಕೊಳ್ಳುವ ದೋಷಗಳು, ಇಲ್ಲಿನ ಚಿಂತನೆಯ ಕೇಂದ್ರವಾಗಿದ್ದವು.

ಅನುಸರಿಸುವ ಕ್ರಮ, ಯೇಸುಸಭೆ ಎಂಬ ಸನ್ಯಾಸಿ ಸಂಘವನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸರದು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಅವರು ಬರೆದಿಡಲು ಆರಂಭಿಸಿದ ಆಧ್ಯಾತ್ಮಿಕ ಸಾಧನೆಗಳ ಟಿಪ್ಪಣಿಗಳು 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದವು. ಪೂರ್ಣ ಸಾಧನೆಗೆ ಸುಮಾರು 30 ದಿನ ಬೇಕು. ವಾರಾಂತ್ಯದಲ್ಲಿ ದೊರೆಯುವುದು ಅದರ ಒಂದು ಭಾಗ ಮಾತ್ರ. ದೇವರಿಗೆ ಕೃತಜ್ಞತೆ ಸಲ್ಲಿಸುವುದು, ನಮ್ಮ ಪಾಪವನ್ನು ಅರಿಯುವ ಕೃಪೆಯನ್ನು ಬೇಡುವುದು, ದಿನವನ್ನು ಗಂಟೆಗಂಟೆಯಾಗಿ ಪರಿಶೀಲಿಸುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳಲು ಸಂಕಲ್ಪಿಸುವುದು ಎಂಬ ಆತ್ಮಪರಿಶೋಧನೆಯ ಐದು ಹಂತಗಳಲ್ಲಿ ಮೊದಲನೆಯದಕ್ಕೇ ಇಲ್ಲಿ ಹೆಚ್ಚು ಸಮಯ ಕೊಟ್ಟಿದ್ದು ನನಗೆ ಬಹಳ ಸರಿಯೆನಿಸಿತು. ತಾನು ಪ್ರೀತಿಗೆ ಪಾತ್ರನೆಂದು ತಿಳಿದವನಿಗೆ ಮಾತ್ರ ತನ್ನನ್ನು ಸಮರ್ಥಿಸಿಕೊಳ್ಳುವ ಆತುರ ಕಡಿಮೆಯಾಗುತ್ತದೆ, ಆ ಆತುರ ಇರುವವರೆಗೆ ಒಳಗಿನ ದೋಷ ಹೊರಗೆ ಕಾಣುವುದಿಲ್ಲ.

ಇಡೀ ಕೂಟದ ಸತ್ವವಿದ್ದದ್ದು ಶನಿವಾರ ಮಧ್ಯಾಹ್ನದ ಅವಧಿಯಲ್ಲಿ. ಮಾರ್ಗದರ್ಶಕರಾದ ಫಾದರ್, ಬೈಬಲಿನ ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ಓದಿದರು. ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆಯನ್ನು ಪ್ರವಾದಿ ನಾತಾನನಿಂದ ಕೇಳಿ ರಾಜ ದಾವೀದನು ಕೋಪದಿಂದ ಉರಿದೇಳುತ್ತಾನೆ, ಅವನಿಗೆ ಮರಣವೇ ತಕ್ಕದ್ದೆಂದು ತೀರ್ಪು ಕೊಡುತ್ತಾನೆ. ಆ ಮನುಷ್ಯ ನೀನೇ ಎಂದು ನಾತಾನನು ಹೇಳುವವರೆಗೂ ಊರೀಯನೆಂಬ ತನ್ನ ಸೈನಿಕನಿಂದ ತಾನು ಕಿತ್ತುಕೊಂಡ ಹೆಂಡತಿಯ ನೆನಪು ದಾವೀದನಿಗೆ ಬರುವುದಿಲ್ಲ. ಬಳಿಕ ಫಾದರ್, ಕಳೆದ ವಾರ ಯಾರ ಯಾವ ನಡತೆ ನಮ್ಮನ್ನು ಕೆರಳಿಸಿತೆಂದು ಬರೆಯಲು ಹೇಳಿದರು. ಎಲ್ಲರೂ ಸಲೀಸಾಗಿ ಬರೆದರು. ಆಮೇಲೆ ಹೆಸರುಗಳನ್ನು ಹೊಡೆದುಹಾಕಿ, ಉಳಿದ ವಾಕ್ಯಗಳನ್ನು ದೇವರ ಸನ್ನಿಧಿಯಲ್ಲಿ ನಮ್ಮ ಬಗ್ಗೆಯೇ ಓದಿಕೊಳ್ಳುವಂತೆ ಸೂಚಿಸಿದರು. ಎಲ್ಲ ವಾಕ್ಯಗಳೂ ನಮಗೆ ಹೊಂದಬೇಕೆಂದಿಲ್ಲ, ಕೆಲವು ಕೋಪಗಳು ನ್ಯಾಯವಾದವೇ ಎಂದು ಅವರು ಸೇರಿಸಿದ್ದು ಈ ಅಭ್ಯಾಸವನ್ನು ಯಾಂತ್ರಿಕವಾಗದಂತೆ ಕಾಪಾಡಿತು.

ಇಗ್ನೇಷಿಯಸರ ವಿಶೇಷ ಪರಿಶೋಧನೆಯ ಹಾಳೆಯನ್ನೂ ಕೊಟ್ಟರು. ವಾರದ ಪ್ರತಿ ದಿನಕ್ಕೂ ಎರಡೆರಡು ಗೆರೆ; ಆಯ್ದುಕೊಂಡ ಒಂದೇ ದೋಷಕ್ಕೆ ಎಷ್ಟು ಸಲ ಬಲಿಯಾದೆವೋ ಅಷ್ಟು ಚುಕ್ಕೆಗಳನ್ನು ಮಧ್ಯಾಹ್ನ ಮೊದಲ ಗೆರೆಯಲ್ಲೂ ರಾತ್ರಿ ಎರಡನೆಯದರಲ್ಲೂ ಇಡಬೇಕು. ಚುಕ್ಕೆಗಳು ಕಡಿಮೆಯಾಗುವ ನಿರೀಕ್ಷೆಯಿಂದ ಗೆರೆಗಳೂ ದಿನದಿಂದ ದಿನಕ್ಕೆ ಚಿಕ್ಕದಾಗುತ್ತವೆ.

ಇದಕ್ಕೆ ಹೋಲಿಸಿದರೆ ಪಾಪನಿವೇದನೆಗೆ ಮುನ್ನ ಹಂಚಿದ ಪ್ರಶ್ನಾವಳಿ ತೀರಾ ದುರ್ಬಲ. ಹತ್ತು ಆಜ್ಞೆಗಳನ್ನು ಅನುಸರಿಸಿ ಹೌದು, ಇಲ್ಲ ಎಂದು ಉತ್ತರಿಸುವ ಆ ಪಟ್ಟಿ, ಕೊಲೆ ಮಾಡದವನಿಗೆ, ಕದಿಯದವನಿಗೆ ನಿರಾಳವಾಗಿ ಮುಂದೆ ಸಾಗಲು ಅವಕಾಶ ಕೊಡುತ್ತದೆ. ಸೇವೆಯಲ್ಲಿ ಬೆರೆತ ಅಧಿಕಾರದಾಹ, ಸತ್ಯ ನುಡಿಯುವ ನೆಪದ ಕ್ರೌರ್ಯ, ಪ್ರಾರ್ಥನೆಯನ್ನೇ ಮುಂದುಮಾಡಿ ಮನೆಯವರ ಕಷ್ಟದಿಂದ ನುಣುಚಿಕೊಳ್ಳುವುದು, ಇಂಥವು ಸದ್ಗುಣದ ಮರೆಯಲ್ಲಿ ಬದುಕುವುದರಿಂದ ಆ ಪಟ್ಟಿಗೆ ಸಿಗುವುದಿಲ್ಲ. ಎಷ್ಟೋ ಜನ ಆ ಹಾಳೆಯನ್ನೇ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅದನ್ನು ಕೈಬಿಟ್ಟು ಶನಿವಾರ ಬರೆದದ್ದನ್ನೇ ತರಲು ಹೇಳುವುದು ಮೇಲು.

ಪಾಪಭೀತಿಯಿಂದ ಅತಿಯಾಗಿ ಬಳಲುವವರು ಹೆಸರು ನೋಂದಾಯಿಸುವಾಗಲೇ ಮಾರ್ಗದರ್ಶಕರೊಡನೆ ಮಾತಾಡಬೇಕು. ಮನ್ರೇಸಾದಲ್ಲಿ ಇಗ್ನೇಷಿಯಸರೇ, ನಿವೇದಿಸಿದ ಪಾಪಗಳನ್ನು ಮತ್ತೆ ಮತ್ತೆ ಕೆದಕುತ್ತಾ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದರು. ಅಂಥವರಿಗೆ ಚುಕ್ಕೆಗಳ ಹಾಳೆ ಹೊರೆಯಾಗಬಹುದು. ಕೇಂದ್ರವು ಈ ಎಚ್ಚರಿಕೆಯನ್ನು ಮೊದಲೇ ತಿಳಿಸಿದ್ದರೆ ಒಳ್ಳೆಯದಿತ್ತು. ಉಳಿದಂತೆ, ವರ್ಷವರ್ಷವೂ ಅದೇ ನಾಲ್ಕು ಪಾಪಗಳನ್ನು ನಿವೇದಿಸಿ ಮನೆಗೆ ಮರಳುತ್ತಿರುವ ಕ್ರೈಸ್ತರಿಗೆ ಈ ಕೂಟವನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ. ಶುಕ್ರವಾರ ಸಂಜೆಯೇ ತಲುಪಿರಿ. ಕೃತಜ್ಞತೆಯ ಮೊದಲ ಅವಧಿಯನ್ನು ತಪ್ಪಿಸಿಕೊಂಡು ಬಂದವರಿಗೆ ಮರುದಿನದ ಅಭ್ಯಾಸ ಬರೀ ಆರೋಪಪಟ್ಟಿಯಂತೆ ಕಂಡಿತು.