ಡೆಕ್ಕನ್ನಿನ ಜಾಗದಲ್ಲಿ ಕಿಂಗ್‌ಫಿಷರ್ ರೆಡ್: ಒಂದು ವಿಮರ್ಶೆ

ಕಿಂಗ್‌ಫಿಷರ್ ರೆಡ್ ಎಂಬ ವಿಮಾನ ಸೇವೆ 2008ರ ಆಗಸ್ಟ್‌ನಲ್ಲಿ ಆ ಹೆಸರು ಪಡೆದು, ಮೂರು ವರ್ಷದ ಆಚೀಚೆ ನಡೆದು ಮುಗಿಯಿತು. ಕಡಿಮೆ ದರದ ಟಿಕೆಟ್ಟಿನಲ್ಲೇ ನೀರಿನ ಬಾಟಲಿಯೂ ತಿಂಡಿಯೂ ಸೇರಿದ್ದವು ಎಂಬುದು ಅದರ ಹೆಗ್ಗಳಿಕೆ. ಆ ಮಟ್ಟಿಗೆ ಮೆಚ್ಚುಗೆ ಸಲ್ಲಬೇಕಾದದ್ದೇ. ಆದರೆ ಅದು ಏರ್ ಡೆಕ್ಕನ್ನಿನ ಜಾಗದಲ್ಲಿ ಬಂದು ಕುಳಿತ ಸೇವೆಯಾದ್ದರಿಂದ ಡೆಕ್ಕನ್ನಿನ ಪಕ್ಕದಲ್ಲಿಟ್ಟೇ ಅಳೆಯಬೇಕು. ಹಾಗೆ ಅಳೆದರೆ ನಾನು ಕೊಡುವುದು ಐದಕ್ಕೆ ಎರಡು ಅಂಕ.

ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ದೇಶದ ಮೊದಲ ಅಗ್ಗದ ದರದ ವಿಮಾನ ಸಂಸ್ಥೆ. ಎಟಿಆರ್ ಎಂಬ ಸಣ್ಣ ವಿಮಾನಗಳನ್ನು ಹುಬ್ಬಳ್ಳಿಯಂಥ ಊರುಗಳಿಗೆ ಹಾರಿಸಿದ ಆ ಸಂಸ್ಥೆಯಲ್ಲಿ ತಿನ್ನಲು ಬೇಕೆಂದವರು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನೇ ಅದರ ಗುರುತು. ವಿಳಂಬದ ದೂರುಗಳಿದ್ದವು, ನಷ್ಟವೂ ಏರುತ್ತಿತ್ತು.

ವಿಜಯ್ ಮಲ್ಯ ಅವರ ಯುಬಿ ಸಮೂಹ 2007ರಲ್ಲಿ ಡೆಕ್ಕನ್ನಿನ ಶೇ 26ರಷ್ಟು ಪಾಲನ್ನು, ಷೇರೊಂದಕ್ಕೆ 155 ರೂಪಾಯಿಯಂತೆ ಸುಮಾರು 550 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆಗಿನ ನಿಯಮದ ಪ್ರಕಾರ ಐದು ವರ್ಷ ದೇಶದೊಳಗೆ ಹಾರಾಟ ನಡೆಸಿ, ಕನಿಷ್ಠ 20 ವಿಮಾನಗಳನ್ನು ಹೊಂದಿದ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರುವ ಅವಕಾಶವಿತ್ತು. 2005ರಲ್ಲಿ ಹುಟ್ಟಿದ, ಮಲ್ಯ ಅವರದೇ ದುಬಾರಿ ದರದ ವಿಮಾನ ಸಂಸ್ಥೆ ಕಿಂಗ್‌ಫಿಷರ್ 2010ರವರೆಗೆ ಕಾಯಬೇಕಿತ್ತು; ಡೆಕ್ಕನ್ನಿಗೆ 2008ರಲ್ಲೇ ಐದು ತುಂಬುತ್ತಿತ್ತು. ಹೀಗಾಗಿ ವಿಲೀನದ ಕಾಗದಪತ್ರಗಳಲ್ಲಿ ಕಿಂಗ್‌ಫಿಷರೇ ಏರ್ ಡೆಕ್ಕನ್ನನ್ನು ನಡೆಸುತ್ತಿದ್ದ ಡೆಕ್ಕನ್ ಏವಿಯೇಷನ್ ಕಂಪನಿಯೊಳಗೆ ಸೇರಿಕೊಂಡು, ಆಮೇಲೆ ಆ ಕಂಪನಿಗೆ ತನ್ನ ಹೆಸರಿಟ್ಟಿತು. ಮದುವೆಯಾದ ಮೇಲೆ ಮಾವನ ಮನೆಗೆ ಹೋಗಿ, ಅಲ್ಲಿನ ಬಾಗಿಲಿಗೆ ತನ್ನ ಹೆಸರಿನ ಫಲಕ ತೂಗುಹಾಕಿದ ಅಳಿಯನ ಹಾಗೆ! 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಾಟ ಶುರುವಾಯಿತು. (ಐದು ವರ್ಷದ ಈ ಷರತ್ತನ್ನು ಸರ್ಕಾರ 2016ರಲ್ಲಿ ಕೈಬಿಟ್ಟಿತು.)

ಅಗ್ಗದ ಟಿಕೆಟ್ಟಿನ ಪ್ರಯಾಣಿಕನಿಗೆ ಈ ಖರೀದಿಯಿಂದ ದಕ್ಕಿದ್ದು ಮುಖ್ಯವಾಗಿ ಹೊಸ ಬಣ್ಣ. ಮೊದಲು ‘ಸಿಂಪ್ಲಿಫ್ಲೈ ಡೆಕ್ಕನ್’ ಎಂಬ ಹೆಸರು ಬಂತು, ಶ್ರೀಸಾಮಾನ್ಯನ ಜಾಗಕ್ಕೆ ಕಿಂಗ್‌ಫಿಷರಿನ ಗುರುತಾದ ಮಿಂಚುಳ್ಳಿ ಬಂತು, ವರ್ಷ ಕಳೆಯುವುದರೊಳಗೆ ‘ರೆಡ್’ ಆಯಿತು. ತಯಾರಿಕೆಯ ದೋಷ ಇರುವುದೇ ಇಲ್ಲಿ. ಖರ್ಚಿನ ಪ್ರತಿಯೊಂದು ಬಾಬನ್ನೂ ಹಿಂಡಿ ತೆಗೆದರೆ ಮಾತ್ರ ಉಳಿಯಬಲ್ಲ ವ್ಯವಹಾರಕ್ಕೆ ಪುಕ್ಕಟೆ ತಿಂಡಿಯನ್ನು ಸೇರಿಸಿ, ದುಬಾರಿ ಸೇವೆಯ ಹೆಸರನ್ನೇ ಅಂಟಿಸಿದರೆ, ಒಂದೇ ಮನೆತನದ ಎರಡು ಟಿಕೆಟ್ಟುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಯೋಚಿಸುವ ಗಿರಾಕಿ ಅಗ್ಗದ್ದನ್ನೇ ಆರಿಸುತ್ತಾನೆ. ಅಗ್ಗದ್ದರಲ್ಲಿ ಲಾಭವಿಲ್ಲ, ದುಬಾರಿಯದರಲ್ಲಿ ಜನವಿಲ್ಲ ಎಂಬ ಸ್ಥಿತಿ ಬರುತ್ತದೆ. ಕಚ್ಚಾತೈಲ 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದ್ದು ಹೊರಗಿನಿಂದ ಬಿದ್ದ ಪೆಟ್ಟು, ನಿಜ. ಆದರೆ ಮೇಲಿನ ಗೊಂದಲ ಮನೆಯೊಳಗಿನದು.

ಅದೇ 2007ರಲ್ಲಿ ಜೆಟ್ ಏರ್‌ವೇಸ್ 1,450 ಕೋಟಿ ರೂಪಾಯಿಗೆ ಸಹಾರಾ ವಿಮಾನ ಸಂಸ್ಥೆಯನ್ನು ಕೊಂಡು ಜೆಟ್‌ಲೈಟ್ ಎಂದು ಕರೆದದ್ದೂ ಇದೇ ಜಾಡಿನ ಪ್ರಯೋಗ.

ಅಗ್ಗದ ಸೇವೆಯಿಂದ ಹಿಂದೆ ಸರಿಯುವುದಾಗಿ ಕಿಂಗ್‌ಫಿಷರ್ 2011ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಅದರ ಪರವಾನಗಿ ಅಮಾನತಾದದ್ದು 2012ರ ಅಕ್ಟೋಬರಿನಲ್ಲಿ. ಯಾವುದಕ್ಕಾಗಿ ಡೆಕ್ಕನ್ನನ್ನು ಕೊಂಡರೋ ಆ ವಿದೇಶ ಹಾರಾಟ ಅದಕ್ಕೂ ಕೆಲವು ತಿಂಗಳು ಮೊದಲೇ ನಿಂತಿತ್ತು.