ಮೂರು ಮಳೆಗಾಲ ಕಂಡ ಕಾಟನ್ ನೂಲು: ಕೆರೆತ ನಿಂತಿತಾ?

ಮರ್ಸರೈಸ್ಡ್ ಕಾಟನ್ ನೂಲು, 50 ಗ್ರಾಂ ಉಂಡೆ. ಮಡಿಕೇರಿಯಲ್ಲಿ ಕೂತು ಮೂರು ವರ್ಷದಿಂದ ಇದರಲ್ಲೇ ಕ್ರೋಶೆ ಹಾಕುತ್ತಿದ್ದೇನೆ. ಲೆಕ್ಕ ಇಟ್ಟಿಲ್ಲ, ಆದರೂ ಅರವತ್ತು ಉಂಡೆಗೆ ಕಮ್ಮಿ ಇಲ್ಲ. ಹೆಚ್ಚಿನದು ಮಕ್ಕಳ ಟೊಪ್ಪಿ, ಟೀಪಾಯಿ ಹಾಸು. ಒಂದೇ ಒಂದು ದೊಡ್ಡ ಶಾಲು. ಎರಡು ಮೂರು ಕಂಪನಿಯದ್ದು ಬಳಸಿದ್ದೇನೆ, ಗುಣ ಹೆಚ್ಚೂಕಮ್ಮಿ ಒಂದೇ. ಹಾಗಾಗಿ ಹೆಸರು ಬೇಡ.

ಇಷ್ಟಪಟ್ಟು ಕಾಟನ್ನಿಗೆ ಬಂದವಳಲ್ಲ ನಾನು, ಕೆರೆತ ತಡೆಯಲಾರದೆ ಬಂದೆ. ಮೊದಲು ಎಲ್ಲರ ಹಾಗೆ ‘ಉಲ್ಲನ್’ ತರುತ್ತಿದ್ದೆ. ನಮ್ಮಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಕುರಿಯ ಕೂದಲು ಒಂದೆಳೆಯಾದರೂ ಇರಬೇಕೆಂದೇನಿಲ್ಲ. ಲೇಬಲ್ ತಿರುಗಿಸಿದರೆ ಎಷ್ಟೋ ಸಲ ಅಕ್ರಿಲಿಕ್, ಅಂದರೆ ಕೃತಕ ಎಳೆ. ನಾನು ತಿರುಗಿಸಿಯೇ ಇರಲಿಲ್ಲ. ನೂಲು ಹಾಯುವ ಎಡಗೈ ತೋರುಬೆರಳು, ಮಣಿಕಟ್ಟಿನ ಒಳಮೈ ಕೆಂಪಾಗಿ ಉರಿಯುತ್ತಿತ್ತು. ಬಲಗೈಯಲ್ಲಿ ಸಣ್ಣ ಸಣ್ಣ ಗುಳ್ಳೆ. ‘ಪಿತ್ತದ ಗಂದೆ ಕಣೆ, ಕಂಬಳಿ ಹೊದ್ದು ಮಲಗು’ ಅಂದರು ಅತ್ತೆ. ಒರಟು ಕರಿಕಂಬಳಿ. ಆ ರಾತ್ರಿ ಕತ್ತೂ ಕೆರೆಯಿತು.

ಕಾಟನ್ ಶುರು ಮಾಡಿದ ಎರಡು ವಾರಕ್ಕೆ ಎಡಗೈ ತಣ್ಣಗಾಯಿತು. ಮರ್ಸರೈಸ್ಡ್ ಅಂದರೆ ಹತ್ತಿ ನೂಲನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹದ ಮಾಡಿರುತ್ತಾರೆ. 1850ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಜಾನ್ ಮರ್ಸರ್ ಎಂಬವರ ಹೆಸರೇ ನೂಲಿಗೂ ಅಂಟಿಕೊಂಡಿದೆ. ಹೊಳಪು ಬರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ನನಗೆ ಬೇಕಾದದ್ದು ಅದಲ್ಲ, ಜುಂಗು ಏಳುವುದಿಲ್ಲವಲ್ಲ, ಅದು. ಬಲ್ಬಿನ ಬೆಳಕಿಗೆ ಹಿಡಿದರೆ ಉಲ್ಲನ್ನಿನ ಸುತ್ತ ಕಂಬಳಿಹುಳದ ಹಾಗೆ ರೋಮ ಕಾಣುತ್ತದೆ, ಇದು ನುಣ್ಣಗೆ. ಹಾಕುತ್ತಾ ಕೂತಾಗ ಮೂಗಿಗೆ ಹೋಗಿ ಸೀನು ಬರುತ್ತಿದ್ದದ್ದೂ ನಿಂತಿತು.

ಆದರೆ ಬಲಗೈ ಬಿಡಲಿಲ್ಲ. ನೂಲು ಬದಲಾಗಿ ಆರು ತಿಂಗಳಾದರೂ ಹೆಬ್ಬೆರಳ ತುದಿಯಲ್ಲಿ ಗುಳ್ಳೆ ಒಡೆದು ಸಿಪ್ಪೆ ಏಳುತ್ತಲೇ ಇತ್ತು. ಕಾಫಿ ಹೂವಿನ ಮಳೆಗೆ ಕಾಯುವ ಮಾರ್ಚ್ ತಿಂಗಳ ಸೆಕೆಗೆ ಇನ್ನೂ ಜಾಸ್ತಿ. ಒಂದು ಸಂಜೆ ಕ್ರೋಶೆ ಕಡ್ಡಿ ಒರೆಸುವಾಗ ಕಣ್ಣಿಗೆ ಬಿತ್ತು: ಹೆಬ್ಬೆರಳು ಕೂರಲೆಂದು ಚಪ್ಪಟೆ ಮಾಡಿದ ಜಾಗದಲ್ಲಿ ಬೆಳ್ಳಿಬಣ್ಣದ ಲೇಪ ಸವೆದು ಒಳಗಿನದು ಮಂಕಾಗಿ ಕಾಣುತ್ತಿತ್ತು. ಬೆರಳನ್ನು ಅದರ ಮೇಲಿಟ್ಟೆ. ಗುಳ್ಳೆ ಎದ್ದ ಜಾಗ, ಲೇಪ ಸವೆದ ಜಾಗ, ಎರಡೂ ಒಂದೇ ಅಳತೆ.

ಮೈಸೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಪ್ಯಾಚ್ ಟೆಸ್ಟ್ ಮಾಡಿಸಿದರು. ಅನುಮಾನದ ವಸ್ತುಗಳನ್ನೆಲ್ಲ ಚೂರು ಚೂರು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ, ಒಂದೆರಡು ದಿನ ಕಳೆದು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ. ತಂಗಿಯ ಮನೆಯಲ್ಲಿ ಉಳಿದೆ. ಊರಿಂದ ಬಸ್ಸಲ್ಲಿ ಓಡಾಡುವವರಿಗೆ ಇದು ಸುಲಭದ ಪರೀಕ್ಷೆಯಲ್ಲ. ಬಂದ ಉತ್ತರ: ನಿಕಲ್ ಅಲರ್ಜಿ. ಉಣ್ಣೆಯ ಮೇಣ, ಅದೇ ಲ್ಯಾನೊಲಿನ್, ಅದಕ್ಕೆ ಏನೂ ಇಲ್ಲ! ವರ್ಷಗಟ್ಟಲೆ ಕುರಿಯನ್ನು ಬೈದದ್ದು ದಂಡ. ಬೆವರಿಗೆ ಕಡ್ಡಿಯ ಲೋಹದಲ್ಲಿನ ನಿಕಲ್ ಕರಗಿ ಚರ್ಮಕ್ಕೆ ಇಳಿಯುತ್ತದಂತೆ, ಸೆಕೆಗೆ ಜಾಸ್ತಿಯಾಗುತ್ತಿದ್ದದ್ದು ಅದಕ್ಕೇ. ಎಡಗೈಯದ್ದು ಅಲರ್ಜಿಯೇ ಅಲ್ಲ, ಒರಟು ಎಳೆ ಉಜ್ಜಿ ಆದ ಉರಿ ಅಂದರು. ಉಣ್ಣೆಯ ರೋಮ ಸುಮಾರು 30 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಇದ್ದರೆ ಬಗ್ಗದೆ ಚುಚ್ಚುತ್ತದೆ. ಕಂಬಳಿಯ ರಾತ್ರಿ ಕತ್ತು ಕೆರೆದದ್ದೂ ಹಾಗೇ.

ಈಗ ಬಿದಿರಿನ ಕಡ್ಡಿ. ಹೊಸದರಲ್ಲಿ ತುದಿ ನೂಲನ್ನು ಕಚ್ಚುತ್ತದೆ, ಸಣ್ಣ ಮರಳು ಕಾಗದದಲ್ಲಿ ಉಜ್ಜಿಕೊಳ್ಳಬೇಕು. ಸಪೂರ ಲೇಸ್ ಕೆಲಸಕ್ಕೆ ಬಿದಿರು ನಿಲ್ಲದೆ ಎರಡು ಮುರಿದೆ. ಅದಕ್ಕೆ ಮಾತ್ರ ರಬ್ಬರ್ ಹಿಡಿಯ ಸ್ಟೀಲ್ ಕಡ್ಡಿ. ಹಳೆಯ ಕಡ್ಡಿಗೆ ಉಗುರುಬಣ್ಣ ಬಳಿದೂ ನೋಡಿದೆ, ವಾರಕ್ಕೇ ಸವೆಯಿತು.

ಇನ್ನು ನೂಲಿನ ದೂರು. ಕಾಟನ್ನಿಗೆ ಉಲ್ಲನ್ನಿನ ಹಾಗೆ ಹಿಗ್ಗಿ ಕುಗ್ಗುವ ಗುಣ ಇಲ್ಲ, ಗಂಟೆಗಟ್ಟಲೆ ಕೂತರೆ ಮಣಿಕಟ್ಟು ನೋಯುತ್ತದೆ. ಆ ದೊಡ್ಡ ಶಾಲು ತನ್ನ ಭಾರಕ್ಕೆ ತಾನೇ ಜೋತು ಒಂದು ಗೇಣು ಉದ್ದವಾಗಿದೆ. ಜನವರಿಯ ನಮ್ಮ ಚಳಿಗೆ ಅದು ಬರೀ ಅಲಂಕಾರ. ಎಲ್ಲಕ್ಕಿಂತ ಕಷ್ಟ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ. ಒಗೆದದ್ದು ನಾಲ್ಕು ದಿನವಾದರೂ ಒಣಗದು, ಐದನೇ ದಿನ ಬೂಷ್ಟಿನ ವಾಸನೆ. ಬೂಷ್ಟಿಗೂ ನನಗೆ ಸೀನು ಬರುತ್ತದೆ. ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿದರೆ ಒಣಗುತ್ತದೆ ನಿಜ, ಆದರೆ ಹೊಗೆ ನಾತದ ಟೊಪ್ಪಿಯನ್ನು ಯಾರ ಮಗುವಿಗೆ ಕೊಡುವುದು? ಜೂನಿಗೆ ಮೊದಲೇ ಉಂಡೆಗಳನ್ನೆಲ್ಲ ಬಿಸಿಲಿಗೆ ಹಾಕಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬುತ್ತೇನೆ. ಜೊತೆಗೆ ಒಂದು ಹಿಡಿ ಕರಿಮೆಣಸು. ಅದು ಅತ್ತೆಯ ಸಮಾಧಾನಕ್ಕೆ.

ಹೊಸ ಬಣ್ಣ ತಂದರೆ ಮೊದಲು ಅಂಗೈಯಗಲ ಹಾಕಿ, ಒಗೆದು, ಮೊಣಕೈ ಮಡಿಕೆಗೆ ಪಟ್ಟಿ ಕಟ್ಟಿ ಎರಡು ರಾತ್ರಿ ನೋಡುತ್ತೇನೆ. ಇದೇ ದಾರಿಯಲ್ಲಿ ಹೋದ ವರ್ಷ ಒಂದು ಉಂಡೆ ಮೆರಿನೊ ತಳಿಯ ಕುರಿಯ ಉಣ್ಣೆಯನ್ನೂ ನೋಡಿದೆ. ಅದರ ರೋಮ ಸಪೂರ, ನನಗೆ ಏನೂ ಆಗಲಿಲ್ಲ. ಬೆಲೆ ಕೇಳಿದರೆ ಕೆರೆತವೇ ವಾಸಿ. ಗುಳ್ಳೆ ಎದ್ದು ನೀರು ಸೋರುತ್ತಿದ್ದರೆ, ಇಲ್ಲ ಉಸಿರು ಕಟ್ಟಿದ ಹಾಗಾದರೆ ಈ ಮನೆ ಪರೀಕ್ಷೆ ಬೇಡ, ಡಾಕ್ಟರ ಹತ್ತಿರ ಹೋಗಿ.

ಬಿಳಿ, ಕ್ರೀಮ್, ತಿಳಿಹಸಿರಿಗೆ ಐದಕ್ಕೆ ನಾಲ್ಕು ಸ್ಟಾರ್. ಕಡುಗೆಂಪಿಗೆ ಎರಡೇ: ಮೂರನೇ ಒಗೆತದಲ್ಲೂ ಬಣ್ಣ ಬಿಟ್ಟು ಅತ್ತೆಯ ಬಿಳಿ ರವಿಕೆಯನ್ನು ಗುಲಾಬಿ ಮಾಡಿತು.