ಅಲರ್ ನಿಘಂಟು: ಅಪ್ಪುಗೆಯ ಪದ ಹುಡುಕುವವರಿಗೆ

ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ಆನ್‌ಲೈನ್ ನಿಘಂಟು ನನಗೆ ತುಂಬಾ ಇಷ್ಟ. ಉಚಿತ, ಹುಡುಕಾಟವೂ ಸುಲಭ. ಆದರೆ ಅಪ್ಪು, ತಬ್ಬು, ಆಲಿಂಗನ ಮೂರಕ್ಕೂ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ ತಾನೇ? ಬಳಕೆ ಮಾತ್ರ ಬೇರೆ. ಮಗು ಓಡಿಬಂದು ಅಮ್ಮನನ್ನು ತಬ್ಬಿಕೊಳ್ಳುತ್ತದೆ, ಅಲ್ಲಿ ಆಲಿಂಗನ ಅಂದರೆ ಯಾರೂ ಒಪ್ಪುವುದಿಲ್ಲ, ಅದು ಕಾವ್ಯಕ್ಕೆ ಸರಿ. ಅಪ್ಪು ಅಂತೂ ಎಲ್ಲ ಕಡೆ ಸಲ್ಲುತ್ತದೆ: 1983ರಲ್ಲಿ ಉತ್ತರ ಕನ್ನಡದ ಜನ ಮರ ಉಳಿಸಲು ಅವನ್ನು ತಬ್ಬಿ ನಿಂತಾಗ ಚಳವಳಿಯ ಹೆಸರೇ ‘ಅಪ್ಪಿಕೋ’ ಆಯಿತು, ಪತ್ರಿಕೆಗಳಲ್ಲಿ ‘ಸಾವನ್ನಪ್ಪಿದರು’ ಎಂದು ದಿನಾ ಓದುತ್ತೇವೆ. ನಿಘಂಟಿನಲ್ಲಿ ಅರ್ಥದ ಜೊತೆಗೆ ಇಂಥ ಬಳಕೆಯ ವಾಕ್ಯಗಳೂ ಬೇಕು. ಕನ್ನಡ ಕಲಿಯುವವರು, ಅನುವಾದ ಮಾಡುವವರು ‘ಅಲರ್’ ಅನ್ನು ಖಂಡಿತ ಬಳಸಿ.